ತಕ್ಕಡಿ ಹಿಡಿದವರು, ಮಾತು ಕಾಯ್ದವರು

ಕೂಫಾ ಪಟ್ಟಣದ ಖರ್ಜೂರ, ಬಟ್ಟೆ, ಒಂಟೆ ವ್ಯಾಪಾರಿಗಳು ಹನ್ನೆರಡು ಶತಮಾನಗಳ ಹಿಂದೆ ಉಳಿಸಿಕೊಟ್ಟ ಮಾತುಗಳು ಇವತ್ತಿಗೂ ಗೌರಿಬಿದನೂರಿನ ಪಕ್ಕದ ಅಲೀಪುರದಲ್ಲಿ ಕೇಳಿಬರುತ್ತವೆ. ಆ ಮಾತು ಹೊತ್ತು ತಂದವರು ಯಾರು, ಅವರನ್ನು ನಂಬಿದ್ದು ಯಾವ ಆಧಾರದ ಮೇಲೆ?

ದೊಡ್ಡಬಳ್ಳಾಪುರ ಬಿಟ್ಟು ಮಾಕಳಿದುರ್ಗದ ಬೆಟ್ಟ ಬಳಸಿಕೊಂಡು ಹಿಂದೂಪುರದ ಕಡೆ ಹೋಗುವ ರೈಲು ತೊಂಡೇಬಾವಿ ಮುಟ್ಟಿತೆಂದರೆ ಅಲೀಪುರ ಹತ್ತಿರ ಬಂತೆಂದೇ ಲೆಕ್ಕ. ಗೌರಿಬಿದನೂರು ತಾಲ್ಲೂಕಿನ ಈ ಊರು ಹಿಂದೆ ಕೋಲಾರ ಜಿಲ್ಲೆಯಲ್ಲಿತ್ತು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಇಲ್ಲಿನ ಬಹುಪಾಲು ಜನ ಶಿಯಾ ಮುಸ್ಲಿಮರು. ಹರಳು ಕತ್ತರಿಸಿ ಪಾಲಿಶ್ ಮಾಡುವ ಕಸುಬಿಗೆ ಊರು ಹೆಸರಾಗಿದೆ. ಮನೆಮಾತು ಉರ್ದು, ಸಂತೆಗೂ ಕಚೇರಿಗೂ ಕನ್ನಡ. ಸಮುದಾಯದ ವ್ಯವಹಾರಗಳನ್ನು ಅಂಜುಮನ್-ಎ-ಜಾಫರಿಯಾ ನೋಡಿಕೊಳ್ಳುತ್ತದೆ. ಪತ್ರಿಕೆಗಳು ಇದನ್ನು ‘ಮಿನಿ ಇರಾನ್’ ಎಂದು ಕರೆದು ಮುಂದೆ ಹೋಗುತ್ತವೆ. ಆದರೆ ಅಲೀಪುರದ ಶೋಕಸಭೆಯಾದ ಮಜ್ಲಿಸ್‌ನಲ್ಲಿ ಒಮ್ಮೆ ಕಿವಿಗೊಟ್ಟು ಕೂತವರಿಗೆ ಈ ಊರಿನ ನಂಟು ಇರಾನಿಗಿಂತ ಹಿಂದಕ್ಕೆ, ಇರಾಕಿನ ಕೂಫಾ ಎಂಬ ಹಳೆಯ ಪಟ್ಟಣಕ್ಕೆ ಹೋಗುತ್ತದೆಂದು ತಿಳಿಯುತ್ತದೆ.

ಮೊಹರಂ ತಿಂಗಳ ಮೊದಲ ಹತ್ತು ದಿನ ಜಾಕಿರರೆಂಬ ಪ್ರವಚನಕಾರರು ಮಿಂಬರ್ ಎಂಬ ಪೀಠ ಏರಿ ಕರ್ಬಲಾದ ಕಥೆ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ, ‘ರಾವಿ ಹೀಗೆ ವರದಿ ಮಾಡುತ್ತಾರೆ’ ಎಂದು ನಡುವೆ ಒಂದು ಮಾತು ಸೇರಿಸುತ್ತಾರೆ. ರಾವಿ ಎಂದರೆ ಕಂಡದ್ದನ್ನು ಅಥವಾ ಕೇಳಿದ್ದನ್ನು ಮುಂದಿನವರಿಗೆ ತಲುಪಿಸಿದ ವ್ಯಕ್ತಿ. ಕೇಳುವವರ ಕಣ್ಣಲ್ಲಿ ನೀರು ತುಂಬಿರುವಾಗ ಆ ಮಾತು ಗಮನಕ್ಕೆ ಬಾರದೆ ಜಾರಿಹೋಗುವುದೇ ಹೆಚ್ಚು. ಇಡೀ ಪರಂಪರೆ ನಿಂತಿರುವುದು ಮಾತ್ರ ಅದರ ಮೇಲೆಯೇ.

ಕರ್ಬಲಾದಿಂದ ಹೊರಬಿದ್ದ ಸಾಕ್ಷಿ

ಹಿಜರಿ 61ರ ಮೊಹರಂ 10, ಅಂದರೆ ಕ್ರಿ.ಶ. 680ರ ಅಕ್ಟೋಬರ್‌ನಲ್ಲಿ, ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನ್ ಮತ್ತು ಅವರ ಜೊತೆಗಾರರು ಯೂಫ್ರೆಟಿಸ್ ನದಿಯ ಬಳಿಯ ಕರ್ಬಲಾದಲ್ಲಿ ಕೊಲೆಯಾದರು. ಆ ಬಯಲಿನಲ್ಲಿ ನಡೆದದ್ದನ್ನು ನಮಗೆ ಹೇಳಿದವರು ಯಾರು? ಮೊದಲನೆಯದಾಗಿ ಸೆರೆಯಾದ ಕುಟುಂಬ. ಹುಸೇನರ ತಂಗಿ ಜೈನಬ್, ಮಗ ಜೈನುಲ್ ಆಬಿದೀನ್. ಅವರ ಜೊತೆಗೆ ಇನ್ನೂ ಕೆಲವರು ಇದ್ದಾರೆ. ಹುಸೇನರ ಪತ್ನಿ ರಬಾಬ್ ಅವರ ಸೇವಕ ಉಕ್ಬಾ ಬಿನ್ ಸಮ್‌ಆನ್ ಬದುಕುಳಿದರು. ಶತ್ರುಪಾಳಯದಲ್ಲಿದ್ದ ಹುಮೈದ್ ಬಿನ್ ಮುಸ್ಲಿಂ ಕಂಡದ್ದನ್ನು ಆಮೇಲೆ ಹೇಳಿದರು. ಕೂಫಾದ ಅಬೂ ಮಿಖ್ನಫ್ ಇಂಥ ಹೇಳಿಕೆಗಳನ್ನು ಹುಡುಕಿ, ಕೂಡಿಸಿ ಬರೆದರು. ಅವರು ತೀರಿಕೊಂಡದ್ದು 774ರ ಸುಮಾರಿಗೆ. ಅವರ ಬರಹದ ದೊಡ್ಡ ಭಾಗ ಇತಿಹಾಸಕಾರ ತಬರಿಯ ಗ್ರಂಥದೊಳಗೆ ಸೇರಿ ಉಳಿದುಕೊಂಡಿದೆ. ಗುಲಾಮ, ಸೈನಿಕ, ಸೆರೆಯಾದ ಹೆಂಗಸರು, ಇವರೆಲ್ಲರ ಸಾಕ್ಷ್ಯ ಒಂದೆಡೆ ಕೂಡಿದ್ದರಿಂದಲೇ ಆ ದಿನದ ಬೆಳಗು, ನಡುಹಗಲು, ಸಂಜೆ ನಮಗೆ ಗೊತ್ತು.

ನಲವತ್ತನೇ ದಿನದ ಕಥೆಯನ್ನೂ ನೋಡಿ. ಪ್ರವಾದಿಯ ವೃದ್ಧ ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾ ಅನ್ಸಾರಿ ಹುಸೇನರ ಸಮಾಧಿಗೆ ಬಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನದಿಯಲ್ಲಿ ಸ್ನಾನ ಮಾಡಿ, ‘ನನ್ನ ಕೈಯನ್ನು ಸಮಾಧಿಗೆ ಮುಟ್ಟಿಸು’ ಎಂದು ಜೊತೆಗಿದ್ದವರಿಗೆ ಹೇಳಿದರು. ಮುಟ್ಟಿದ ಕೂಡಲೇ ಪ್ರಜ್ಞೆ ತಪ್ಪಿ ಬಿದ್ದರು. ಇದು ಶಿಯಾ ಮನೆಮನೆಗೂ ಗೊತ್ತಿರುವ ಸಂಗತಿ. ಅವರ ಕೈ ಹಿಡಿದು ನಡೆಸಿದವರು ಅತಿಯ್ಯಾ ಅಲ್-ಔಫಿ. ಈ ಪ್ರಸಂಗ ನಮಗೆ ತಲುಪಿರುವುದು ಅವರ ಬಾಯಿಂದಲೇ. ಮುಂದೆ ಹಜ್ಜಾಜ್ ಎಂಬ ಕ್ರೂರ ಅಧಿಕಾರಿಯ ಕಾಲದಲ್ಲಿ ಹುಸೇನರ ತಂದೆ ಅಲಿಯವರನ್ನು ನಿಂದಿಸುವಂತೆ ಅತಿಯ್ಯಾ ಅವರ ಮೇಲೆ ಒತ್ತಡ ಬಂತು. ಒಪ್ಪದಿದ್ದಾಗ ನಾನೂರು ಛಡಿ ಏಟು ಬಿದ್ದವೆಂದು ಇತಿಹಾಸಕಾರ ಇಬ್ನ್ ಸಾದ್ ದಾಖಲಿಸಿದ್ದಾರೆ. ಅತಿಯ್ಯಾ ನಿಂದಿಸಲಿಲ್ಲ.

ಗುರುವಾರ ರಾತ್ರಿ ಓದುವ ದುಆ-ಎ-ಕುಮೈಲ್ ಕೂಡ ಒಬ್ಬ ಮನುಷ್ಯನ ಹೆಸರನ್ನೇ ಹೊತ್ತಿದೆ. ಅಲಿಯವರಿಂದ ಆ ಪ್ರಾರ್ಥನೆಯನ್ನು ಕಲಿತು ಉಳಿಸಿದವರು ಕುಮೈಲ್ ಬಿನ್ ಜಿಯಾದ್. ಅವರನ್ನು ಕೊಲ್ಲಿಸಿದವನೂ ಅದೇ ಹಜ್ಜಾಜ್. ರಂಜಾನ್‌ನಲ್ಲಿ ಸಹರಿಯ ಹೊತ್ತಿಗೆ ಓದುವ ದೀರ್ಘ ಪ್ರಾರ್ಥನೆಗೆ ಅಬೂ ಹಮ್ಜಾ ಸುಮಾಲಿಯವರ ಹೆಸರಿದೆ. ಅದನ್ನು ಅವರು ಇಮಾಮ್ ಜೈನುಲ್ ಆಬಿದೀನರಿಂದ ಕೇಳಿದ್ದರು. ಭಕ್ತರು ಪ್ರಾರ್ಥನೆಯನ್ನು ಹೇಳಿಕೊಟ್ಟವರ ಹೆಸರಿನ ಬದಲು ತಲುಪಿಸಿದವರ ಹೆಸರಿನಿಂದ ಕರೆಯುವುದು ಎಂಥ ದೊಡ್ಡ ಗೌರವ!

ಖರ್ಜೂರದ ಬುಟ್ಟಿ, ಹಿಟ್ಟಿನ ಗಿರಣಿ

ಹದೀಸ್ ಎಂದರೆ ಪ್ರವಾದಿಯವರ ಮತ್ತು ಶಿಯಾಗಳು ಅವರ ವಾರಸುದಾರರೆಂದು ನಂಬುವ ಹನ್ನೆರಡು ಇಮಾಮರ ಮಾತು, ನಡೆಗಳ ವರದಿ. ಶಿಯಾ ಹದೀಸ್ ಸಂಪತ್ತಿನ ಬಹುಪಾಲು ಬಂದಿರುವುದು ಐದನೇ ಇಮಾಮ್ ಮುಹಮ್ಮದ್ ಬಾಕರ್ ಮತ್ತು ಆರನೇ ಇಮಾಮ್ ಜಾಫರ್ ಸಾದಿಕರಿಂದ. ಬಾಕರರು 733ರ ಸುಮಾರಿಗೂ ಸಾದಿಕರು 765ರಲ್ಲೂ ಮದೀನಾದಲ್ಲಿ ತೀರಿಕೊಂಡರು. ಉಮಯ್ಯದ್ ಆಳ್ವಿಕೆ ಕುಸಿದು ಅಬ್ಬಾಸಿಯರು ಪಟ್ಟಕ್ಕೆ ಬರುತ್ತಿದ್ದ ಆ ಗೊಂದಲದ ವರ್ಷಗಳಲ್ಲಿ ಮದೀನಾದ ಈ ಮನೆಯ ಬಾಗಿಲು ಸ್ವಲ್ಪ ಕಾಲ ತೆರೆದಿತ್ತು. ಕೇಳಿ ಕಲಿಯಲು ಬಂದವರಲ್ಲಿ ಹೆಚ್ಚಿನವರು ಅರಮನೆಗಳವರಲ್ಲ. ಕೂಫಾದ ಪೇಟೆಬೀದಿಯವರು.

ಅವರ ಹೆಸರಿಗೆ ಅಂಟಿಕೊಂಡ ಕಸುಬುಗಳೇ ಇದಕ್ಕೆ ಸಾಕ್ಷಿ. ಇವರಿಗಿಂತ ಹಿಂದಿನ ತಲೆಮಾರಿನ, ಅಲಿಯವರ ಸಂಗಾತಿ ಮೀಸಮ್ ತಮ್ಮಾರ್ ಖರ್ಜೂರ ಮಾರುತ್ತಿದ್ದರು. ಸಫ್ವಾನ್ ಜಮ್ಮಾಲ್ ಒಂಟೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಉಮರ್ ಬಿನ್ ಯಜೀದ್ ನವಿರಾದ ಸಾಬಿರಿ ಬಟ್ಟೆಯ ವ್ಯಾಪಾರಿ. ಮುಂದಿನ ತಲೆಮಾರಿನ, ಬಾಗ್ದಾದಿನ ಇಬ್ನ್ ಅಬೀ ಉಮೈರ್ ಕೂಡ ಬಟ್ಟೆ ವ್ಯಾಪಾರಿಯೇ. ಮಗ್ಗದ ಸದ್ದಿನ ನಡುವೆ ಬೆಳೆದ ದೊಡ್ಡಬಳ್ಳಾಪುರದವರಿಗೆ, ಸಂತೆಯಲ್ಲಿ ತೂಕ ಹಿಡಿದ ಹೊಸಕೋಟೆ, ನೆಲಮಂಗಲದವರಿಗೆ ಇವರ ದಿನಚರಿ ಅಪರಿಚಿತವೇನಲ್ಲ.

ಮುಹಮ್ಮದ್ ಬಿನ್ ಮುಸ್ಲಿಂ ಸಕಫಿಯವರ ಕಥೆ ಕೇಳಬೇಕು. ಅವರು ನಾಲ್ಕು ವರ್ಷ ಮದೀನಾದಲ್ಲಿ ಉಳಿದು ಕಲಿತರು. ಬಾಕರರಿಂದ ಮೂವತ್ತು ಸಾವಿರ, ಸಾದಿಕರಿಂದ ಹದಿನಾರು ಸಾವಿರ ಹದೀಸ್ ಕೇಳಿದ್ದಾಗಿ ಅವರೇ ಹೇಳಿದ್ದನ್ನು, ರಾವಿಗಳ ಚರಿತ್ರೆ ಬರೆದ ಕಶ್ಶಿಯವರ ಗ್ರಂಥ ದಾಖಲಿಸಿದೆ. ಕೂಫಾದಲ್ಲಿ ಅವರು ಸ್ಥಿತಿವಂತರು, ದೊಡ್ಡ ಮನೆತನದವರು. ಇಮಾಮರು ಒಮ್ಮೆ ಅವರಿಗೆ ‘ವಿನಯ ಕಲಿ’ ಎಂದರಂತೆ. ಊರಿಗೆ ಮರಳಿದ ಅವರು ಒಂದು ಬುಟ್ಟಿ ಖರ್ಜೂರ, ಒಂದು ತಕ್ಕಡಿ ತೆಗೆದುಕೊಂಡು ದೊಡ್ಡ ಮಸೀದಿಯ ಬಾಗಿಲಲ್ಲಿ ಕೂತು ಕೂಗಿ ಮಾರತೊಡಗಿದರು. ಬಂಧುಗಳು ಓಡಿಬಂದು ಮನೆತನದ ಮಾನ ಹೋಯಿತೆಂದು ಗೋಳಾಡಿದರು. ‘ಬುಟ್ಟಿ ಖಾಲಿಯಾಗುವವರೆಗೆ ಏಳುವುದಿಲ್ಲ’ ಎಂಬುದು ಅವರ ಉತ್ತರ. ಏನಾದರೂ ಮಾಡಲೇಬೇಕಾದರೆ ಹಿಟ್ಟು ಬೀಸುವವರ ಸಾಲಿನಲ್ಲಾದರೂ ಕೂರು ಎಂದು ಬಂಧುಗಳು ಬೇಡಿಕೊಂಡರು. ಆಗ ಒಂದು ಒಂಟೆ, ಒಂದು ಬೀಸುಗಲ್ಲು ಇಟ್ಟುಕೊಂಡು ಬೀಸತೊಡಗಿದರು. ನಲವತ್ತಾರು ಸಾವಿರ ಮಾತುಗಳನ್ನು ಎದೆಯಲ್ಲಿ ಹೊತ್ತ ವಿದ್ವಾಂಸರು ಹಿಟ್ಟಿನ ಧೂಳಿನಲ್ಲಿ ಕೂತು ದುಡಿದರು. ಅವರನ್ನು ನಂಬಿದವರು ಅವರ ನೆನಪಿನ ಶಕ್ತಿಯೊಂದನ್ನೇ ನಂಬಿದವರಲ್ಲ. ತಕ್ಕಡಿ ಹಿಡಿದ ಕೈಯನ್ನೂ ಕಂಡಿದ್ದರು.

ಸಫ್ವಾನ್ ಜಮ್ಮಾಲರದು ಇನ್ನೂ ಕಠಿಣ ಪರೀಕ್ಷೆ. ಖಲೀಫ ಹಾರೂನ್ ರಶೀದ್ ಹಜ್ ಯಾತ್ರೆಗೆ ಅವರ ಒಂಟೆಗಳನ್ನು ಬಾಡಿಗೆಗೆ ಪಡೆದಿದ್ದ. ಏಳನೇ ಇಮಾಮ್ ಮೂಸಾ ಕಾಜಿಮರು, ‘ನಿನ್ನದೆಲ್ಲ ಒಳ್ಳೆಯದು, ಆದರೆ ಇದೊಂದು ಸರಿಯಲ್ಲ’ ಎಂದರು. ಯಾತ್ರೆಗಲ್ಲವೇ ಕೊಟ್ಟಿದ್ದು ಎಂದು ಸಫ್ವಾನ್ ಸಮಜಾಯಿಷಿ ಹೇಳಿದರು. ಬಾಡಿಗೆ ಬಾಕಿ ಇದೆಯಷ್ಟೇ, ಅದು ಕೈಸೇರುವವರೆಗೆ ಆ ಜನ ಬದುಕಿರಲಿ ಎಂದು ಬಯಸುತ್ತೀಯಷ್ಟೇ ಎಂದು ಇಮಾಮರು ಕೇಳಿದರು. ಹೌದು ಎಂದರು ಸಫ್ವಾನ್. ಅನ್ಯಾಯಗಾರರು ಬದುಕಿರಲಿ ಎಂದು ಬಯಸುವವನೂ ಅವರಲ್ಲೊಬ್ಬ ಎಂದರು ಇಮಾಮರು. ಸಫ್ವಾನ್ ಹೋಗಿ ಅಷ್ಟೂ ಒಂಟೆಗಳನ್ನು ಮಾರಿಬಿಟ್ಟರು. ‘ವಯಸ್ಸಾಯಿತು, ಆಳುಗಳಿಂದ ಸಾಗುತ್ತಿಲ್ಲ’ ಎಂದು ಖಲೀಫನ ಮುಂದೆ ನೆಪ ಹೇಳಿದರೂ ಯಾರ ಸಲಹೆ ಇದೆಂದು ಹಾರೂನನಿಗೆ ತಿಳಿಯಿತು. ಹಳೆಯ ಒಡನಾಟಕ್ಕಾಗಿ ಜೀವ ಉಳಿಸಿದ್ದೇನೆ ಎಂದು ಹೇಳಿ ಕಳಿಸಿದ.

ಕರ್ಬಲಾದ ನಲವತ್ತನೇ ದಿನ, ಸಫರ್ 20ರಂದು ಶಿಯಾ ಜಗತ್ತು ಓದುವ ಜಿಯಾರತ್-ಎ-ಅರ್ಬಯೀನ್ ಎಂಬ ವಂದನೆಯ ಪಠ್ಯವನ್ನು ಇಮಾಮ್ ಸಾದಿಕರಿಂದ ಕೇಳಿ ಉಳಿಸಿದವರು ಇದೇ ಸಫ್ವಾನ್. ಅನ್ಯಾಯದ ಕೂಲಿ ಬೇಡವೆಂದು ಜೀವನಾಧಾರವನ್ನೇ ಮಾರಿದ ಮನುಷ್ಯನ ಬಾಯಿಂದ ಆ ಶೋಕದ ಮಾತುಗಳು ಬಂದಿವೆ. ಅಲೀಪುರದಲ್ಲಿ ಅದನ್ನು ಓದುವ ಹುಡುಗನಿಗೆ ಈ ಕಥೆಯೂ ಗೊತ್ತಿದ್ದರೆ ಓದಿನ ತೂಕವೇ ಬೇರೆಯಾಗುತ್ತದೆ.

ಮಣ್ಣುಪಾಲಾದ ಪುಸ್ತಕಗಳು

ಹದೀಸ್ ಹೊತ್ತು ತಿರುಗುವುದು ಆ ಕಾಲದಲ್ಲಿ ಅಪಾಯದ ಕೆಲಸ. ಹತ್ತನೇ ಮತ್ತು ಹನ್ನೊಂದನೇ ಇಮಾಮರನ್ನು ಅಬ್ಬಾಸಿಯರು ಸಾಮರ್ರಾ ಎಂಬ ದಂಡಿನ ಪಟ್ಟಣದಲ್ಲಿ ಕಣ್ಗಾವಲಿನಲ್ಲಿಟ್ಟಿದ್ದರು. ಅವರ ಪ್ರತಿನಿಧಿ ಉಸ್ಮಾನ್ ಬಿನ್ ಸಯೀದ್ ಅಮ್ರಿ ತುಪ್ಪದ ವ್ಯಾಪಾರಿ. ಭಕ್ತರು ಕೊಟ್ಟ ಹಣವನ್ನು ತುಪ್ಪದ ಚರ್ಮದ ಚೀಲಗಳಲ್ಲಿ ಅಡಗಿಸಿ ಇಮಾಮರಿಗೆ ಮುಟ್ಟಿಸುತ್ತಿದ್ದರೆಂದು ವಿದ್ವಾಂಸ ಶೇಖ್ ತೂಸಿ ಬರೆದಿದ್ದಾರೆ.

ಇಬ್ನ್ ಅಬೀ ಉಮೈರ್ ಅವರಿಗೆ ಬಂದ ಕಷ್ಟ ಇದಕ್ಕಿಂತ ದೊಡ್ಡದು. ಇರಾಕಿನ ಶಿಯಾಗಳ ಹೆಸರುಗಳನ್ನು ಹೇಳು ಎಂದು ಆಡಳಿತ ಅವರನ್ನು ಸೆರೆಗೆ ಹಾಕಿತು. ನೂರು ಛಡಿ ಏಟು ಬಿತ್ತು. ನೋವು ತಡೆಯಲಾರದೆ ಇನ್ನೇನು ಹೆಸರು ಬಾಯಿಗೆ ಬಂತು ಎನ್ನುವಾಗ, ‘ದೇವರ ಮುಂದೆ ನಿಲ್ಲುವ ದಿನ ನೆನಪಿರಲಿ’ ಎಂದು ಪಕ್ಕದಲ್ಲಿದ್ದ ಸಂಗಾತಿ ಕೂಗಿದರು. ಇಬ್ನ್ ಅಬೀ ಉಮೈರ್ ಬಾಯಿ ಬಿಡಲಿಲ್ಲ. ಲಕ್ಷಕ್ಕೂ ಮೀರಿದ ದಿರ್ಹಮ್ ಆಸ್ತಿ ಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಪುಸ್ತಕಗಳದು. ಅವರು ಸೆರೆಯಲ್ಲಿದ್ದಾಗ ಅಕ್ಕತಂಗಿಯರು ಹೆದರಿ ಪುಸ್ತಕಗಳನ್ನು ಹೂತಿಟ್ಟರು, ನಾಲ್ಕು ವರ್ಷದಲ್ಲಿ ಅವು ಹಾಳಾದವು ಎನ್ನುತ್ತಾರೆ ವಿದ್ವಾಂಸ ನಜಾಶಿ. ಅವರೇ ಇನ್ನೊಂದು ವರದಿಯನ್ನೂ ಕೊಡುತ್ತಾರೆ. ಕೋಣೆಯಲ್ಲಿಟ್ಟಿದ್ದ ಪುಸ್ತಕಗಳು ಮಳೆನೀರು ಬಿದ್ದು ಹೋದವು ಎಂಬುದು ಅದು. ಎರಡರಲ್ಲಿ ಯಾವುದು ನಿಜವೆಂದು ನಜಾಶಿ ತಾವಾಗಿ ತೀರ್ಪು ಕೊಡುವುದಿಲ್ಲ, ಎರಡನ್ನೂ ಬರೆದಿಟ್ಟಿದ್ದಾರೆ. ಬಿಡುಗಡೆಯಾದ ಮೇಲೆ ಇಬ್ನ್ ಅಬೀ ಉಮೈರ್ ನೆನಪಿನಿಂದಲೇ ಹೇಳತೊಡಗಿದರು. ಎಷ್ಟೋ ಕಡೆ ಮಾತು ನೆನಪಿದೆ, ತನಗೆ ಹೇಳಿದವರ ಹೆಸರು ಮರೆತಿದೆ. ಸರಪಣಿ ತುಂಡಾದ ಹದೀಸನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಇವರು ನಂಬಿಕಸ್ತರಿಂದಲ್ಲದೆ ಬೇರೆಯವರಿಂದ ಹದೀಸ್ ತೆಗೆದುಕೊಳ್ಳುತ್ತಿರಲಿಲ್ಲ ಎಂಬ ಖಾತ್ರಿಯ ಮೇಲೆ ಬಹಳಷ್ಟು ವಿದ್ವಾಂಸರು ಇವರ ತುಂಡು ಸರಪಣಿಯನ್ನೂ ಪೂರ್ಣವೆಂದೇ ಮನ್ನಿಸಿದರು.

ಆ ಖಾತ್ರಿ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಪ್ರಸಂಗವಿದೆ. ಕೈ ಬರಿದಾಗಿದ್ದ ದಿನಗಳಲ್ಲಿ ಹಳೆಯ ಸಾಲಗಾರನೊಬ್ಬ ಹತ್ತು ಸಾವಿರ ದಿರ್ಹಮ್ ಹಿಡಿದು ಅವರ ಬಾಗಿಲಿಗೆ ಬಂದ. ‘ಈ ಹಣ ನಿನಗೆ ಎಲ್ಲಿಂದ ಬಂತು? ಪಿತ್ರಾರ್ಜಿತವೇ, ಯಾರಾದರೂ ಕೊಟ್ಟರೇ?’ ಎಂದು ಇವರು ಕೇಳಿದರು. ನಿಮ್ಮ ಸಾಲ ತೀರಿಸಲು ಮನೆ ಮಾರಿದೆ ಎಂದ ಆತ. ಸಾಲಕ್ಕಾಗಿ ಯಾರನ್ನೂ ವಾಸದ ಮನೆಯಿಂದ ಹೊರಹಾಕಬಾರದು ಎಂದು ಇಮಾಮ್ ಸಾದಿಕರು ಹೇಳಿದ್ದಾಗಿ ಅವರಿಂದ ಕೇಳಿದವರು ನನಗೆ ತಿಳಿಸಿದ್ದಾರೆ, ಹಣ ಎತ್ತಿಕೊಂಡು ಹೋಗು ಎಂದರು ಇಬ್ನ್ ಅಬೀ ಉಮೈರ್. ಈ ಹೊತ್ತು ನನಗೆ ಒಂದೇ ಒಂದು ದಿರ್ಹಮ್ ಬೇಕಾಗಿದೆ, ಆದರೂ ಇದರಲ್ಲಿ ಒಂದನ್ನೂ ಮುಟ್ಟಲಾರೆ ಎಂದೂ ಹೇಳಿದರು. ಅವರು ಹೇಳಿದ ಹದೀಸ್ ಒಂದು ಸಾಲಿನದು. ಅದಕ್ಕೆ ಅವರು ತೆತ್ತ ಬೆಲೆ ಹತ್ತು ಸಾವಿರ.

ಹೇಳಿದವರನ್ನು ತೂಗುವ ವಿದ್ಯೆ

ಇಷ್ಟೆಲ್ಲ ಇದ್ದೂ ಸುಳ್ಳು ನುಸುಳಲಿಲ್ಲವೇ? ನುಸುಳಿತು. ಮುಘೀರಾ ಬಿನ್ ಸಯೀದ್ ಎಂಬಾತ ಬಾಕರರ ಶಿಷ್ಯರ ಪುಸ್ತಕಗಳನ್ನು ಎರವಲು ತರಿಸಿ, ತನ್ನ ಕಡೆಯ ಮಾತುಗಳನ್ನು ಸೇರಿಸಿ ಹಿಂತಿರುಗಿಸುತ್ತಿದ್ದನೆಂಬ ದೂರು ಹಳೆಯ ಗ್ರಂಥಗಳಲ್ಲೇ ಇದೆ. ಯೂನುಸ್ ಬಿನ್ ಅಬ್ದುರ್ರಹಮಾನ್ ಇರಾಕಿನಲ್ಲಿ ಕೂಡಿಸಿದ ಹದೀಸ್‌ಗಳನ್ನು ಎಂಟನೇ ಇಮಾಮ್ ಅಲಿ ರಜಾ ಅವರ ಮುಂದೆ ಇಟ್ಟಾಗ, ಅವುಗಳಲ್ಲಿ ಬಹಳಷ್ಟು ಸಾದಿಕರ ಮಾತಲ್ಲವೆಂದು ಅವರು ತಳ್ಳಿಹಾಕಿದರು.

ಈ ಪೆಟ್ಟಿನಿಂದ ಒಂದು ಶಾಸ್ತ್ರ ಬೆಳೆಯಿತು. ಅದರ ಹೆಸರು ರಿಜಾಲ್. ಹದೀಸಿಗೆ ಎರಡು ಭಾಗ: ಯಾರು ಯಾರಿಂದ ಕೇಳಿದರೆಂಬ ಸರಪಣಿ ಸನದ್, ಮಾತಿನ ತಿರುಳು ಮತನ್. ಸನದ್‌ನ ಪ್ರತಿಯೊಂದು ಹೆಸರಿನ ಹಿಂದೆ ಹೋಗಿ ಆತ ಯಾವ ಊರಿನವ, ಯಾರ ಶಿಷ್ಯ, ಯಾವಾಗ ಸತ್ತ, ಮಾತಿನಲ್ಲಿ ಸಾಚಾವೇ, ನೆನಪು ಗಟ್ಟಿಯೇ ಎಂದು ವಿಚಾರಿಸುವುದು ರಿಜಾಲ್ ವಿದ್ವಾಂಸರ ಕೆಲಸ. ಕಶ್ಶಿ, 1058ರಲ್ಲಿ ತೀರಿಕೊಂಡ ನಜಾಶಿ, 1067ರಲ್ಲಿ ತೀರಿಕೊಂಡ ಶೇಖ್ ತೂಸಿ ಈ ಶಾಸ್ತ್ರದ ಆಧಾರಸ್ತಂಭಗಳು. ಜುರಾರಾ, ಮುಹಮ್ಮದ್ ಬಿನ್ ಮುಸ್ಲಿಂ, ಇಬ್ನ್ ಅಬೀ ಉಮೈರ್, ಯೂನುಸ್ ಮೊದಲಾದ ಹದಿನೆಂಟು ಮಂದಿಯನ್ನು ಆರಾರರ ಮೂರು ಗುಂಪಾಗಿ ಕಶ್ಶಿ ಎಣಿಸಿದ್ದಾರೆ. ಇವರ ನಂಬಿಕಸ್ತಿಕೆಯ ಬಗ್ಗೆ ಶಿಯಾ ವಿದ್ವಾಂಸರಲ್ಲಿ ಸಹಮತವಿತ್ತು. ಇಪ್ಪತ್ತನೇ ಶತಮಾನದಲ್ಲೂ ಇರಾಕಿನ ನಜಫ್‌ನ ಆಯತುಲ್ಲಾ ಖೂಯಿ ಇದೇ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಸಂಪುಟಗಳ ರಾವಿಕೋಶ ಸಿದ್ಧಪಡಿಸಿದರು.

ಈ ಶಾಸ್ತ್ರದ ನ್ಯಾಯಪ್ರಜ್ಞೆ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಹದಿಮೂರನೇ ಶತಮಾನದಿಂದ ಹದೀಸ್‌ಗಳನ್ನು ನಾಲ್ಕು ದರ್ಜೆಯಲ್ಲಿ ಇಡುವ ಪದ್ಧತಿ ಬಂತು. ಅದರಲ್ಲಿ ‘ಮುವಸ್ಸಕ್’ ಎಂಬುದು ಒಂದು. ಹೇಳಿದವರು ಶಿಯಾ ಇಮಾಮಿ ಪಂಥದವರಲ್ಲ, ಆದರೆ ಸತ್ಯವಂತರು, ಆದ್ದರಿಂದ ಅವರ ಮಾತು ಸ್ವೀಕಾರಾರ್ಹ ಎಂಬುದು ಇದರ ಅರ್ಥ. ಪಂಥ ಬಿಟ್ಟುಹೋದ ಬನೂ ಫದ್ದಾಲ್ ಮನೆತನದ ಪುಸ್ತಕಗಳು ಮನೆಮನೆಯಲ್ಲೂ ಇದ್ದವು. ಏನು ಮಾಡುವುದೆಂದು ಹನ್ನೊಂದನೇ ಇಮಾಮರನ್ನು ಕೇಳಿದಾಗ, ಅವರು ವರದಿ ಮಾಡಿದ್ದನ್ನು ತೆಗೆದುಕೊಳ್ಳಿ, ಅವರ ಸ್ವಂತ ಅಭಿಪ್ರಾಯವನ್ನು ಬಿಡಿ ಎಂದರಂತೆ. ಎದುರು ಕಡೆಯಲ್ಲೂ ಇದೇ ನ್ಯಾಯ ಕಾಣುತ್ತದೆ. ಬಾಕರ್ ಮತ್ತು ಸಾದಿಕರ ಶಿಷ್ಯ ಅಬಾನ್ ಬಿನ್ ತಗ್ಲಿಬ್ ಕಟ್ಟಾ ಶಿಯಾ. ಅವರು ಮದೀನಾಕ್ಕೆ ಬಂದರೆ ಪ್ರವಾದಿಯ ಮಸೀದಿಯಲ್ಲಿ ಪ್ರವಾದಿಯವರ ಕಂಬದ ಜಾಗವನ್ನೇ ತೆರವು ಮಾಡಿಕೊಡುತ್ತಿದ್ದರಂತೆ. ಅವರ ವರದಿ ಸುನ್ನಿಗಳ ಹದೀಸ್ ಸಂಕಲನ ಸಹೀಹ್ ಮುಸ್ಲಿಂನಲ್ಲೂ ಇದೆ. ಅವರ ನಂಬಿಕೆ ಅವರಿಗಿರಲಿ, ಅವರ ಸತ್ಯ ನಮಗೆ ಬೇಕು ಎಂಬರ್ಥದಲ್ಲಿ ಸುನ್ನಿ ವಿದ್ವಾಂಸ ಜಹಬಿ ಬರೆದರು.

ಕೆಲವೊಮ್ಮೆ ತೂಗುವವರೂ ತಪ್ಪಿದರು. ಇರಾನಿನ ಕುಮ್ ಪಟ್ಟಣದ ಮುಖಂಡ ಅಹ್ಮದ್ ಬಿನ್ ಮುಹಮ್ಮದ್ ಬಿನ್ ಈಸಾ ಬಹಳ ಕಟ್ಟುನಿಟ್ಟಿನ ಮನುಷ್ಯ. ಸಿಕ್ಕಸಿಕ್ಕವರಿಂದ ಹದೀಸ್ ತೆಗೆದುಕೊಳ್ಳುತ್ತಾರೆಂದು ಅಹ್ಮದ್ ಬರ್ಕಿ ಎಂಬ ವಿದ್ವಾಂಸರನ್ನು ಊರಿನಿಂದಲೇ ಹೊರಹಾಕಿದರು. ಆಮೇಲೆ ಕ್ಷಮೆ ಕೇಳಿ ವಾಪಸು ಕರೆತಂದರು. ಬರ್ಕಿ ತೀರಿಕೊಂಡಾಗ ಅದೇ ಮುಖಂಡರು ಶವಯಾತ್ರೆಯಲ್ಲಿ ಬರಿಗಾಲಲ್ಲಿ, ಬರಿತಲೆಯಲ್ಲಿ ನಡೆದರು. ತಾನು ಆಡಿದ ಆರೋಪವನ್ನು ಎಲ್ಲರ ಕಣ್ಣೆದುರು ತೊಳೆದುಕೊಳ್ಳುವ ರೀತಿ ಅದು. ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವುದು ಎಷ್ಟು ಭಾರದ ಕೆಲಸವೆಂದು ರಿಜಾಲ್ ವಿದ್ವಾಂಸರಿಗೆ ಗೊತ್ತಿತ್ತು.

ಹೀಗೆ ಸೋಸಿ ಬಂದ ಮಾತುಗಳು ಮೊದಲು ‘ನಾನೂರು ಮೂಲಗಳು’ ಎಂದು ಹೆಸರಾದ ಸಣ್ಣ ಸಣ್ಣ ಪುಸ್ತಕಗಳಲ್ಲಿದ್ದವು. ಇರಾನಿನ ರೇಯ್ ಪಟ್ಟಣದ ಬಳಿಯ ಕುಲೈನ್ ಊರಿನ ಮುಹಮ್ಮದ್ ಬಿನ್ ಯಾಕೂಬ್ ಕುಲೈನಿ ಇಪ್ಪತ್ತು ವರ್ಷ ದುಡಿದು ಸುಮಾರು 16,000 ಹದೀಸ್‌ಗಳ ‘ಅಲ್-ಕಾಫಿ’ ಸಂಕಲಿಸಿದರು. ಅವರು 941ರ ಸುಮಾರಿಗೆ ಬಾಗ್ದಾದಿನಲ್ಲಿ ತೀರಿಕೊಂಡರು. ಆಮೇಲೆ ಶೇಖ್ ಸದೂಕರ ಒಂದು, ಶೇಖ್ ತೂಸಿಯವರ ಎರಡು ಸಂಕಲನ ಸೇರಿ ಶಿಯಾಗಳ ‘ನಾಲ್ಕು ಗ್ರಂಥ’ಗಳಾದವು. ಕುಲೈನಿಯವರು ತಮ್ಮ ಗ್ರಂಥದ ಬಹುಪಾಲು ಹದೀಸ್‌ಗಳಿಗೆ ಪೂರ್ತಿ ಸರಪಣಿ ಕೊಟ್ಟಿದ್ದಾರೆ. ಓದುಗನು ಪರೀಕ್ಷಿಸಿ ನೋಡಲಿ ಎಂಬ ಧೈರ್ಯ ಅದರಲ್ಲಿದೆ.

ಕನ್ನಡ ನೆಲದ ಕೊಂಡಿಗಳು

ಈ ಸರಪಣಿ ನಮ್ಮ ನೆಲಕ್ಕೆ ಹೊಸದಲ್ಲ. ವಿಜಯಪುರದ ಯೂಸುಫ್ ಆದಿಲ್ ಷಾ 1500ರ ದಶಕದ ಆರಂಭದಲ್ಲೇ ಹನ್ನೆರಡು ಇಮಾಮರ ಹೆಸರಿನಲ್ಲಿ ಮಸೀದಿಯ ಪ್ರವಚನವಾದ ಖುತ್ಬಾ ಓದಿಸಿದ. ಇರಾನಿನಲ್ಲಿ ಸಫವಿಗಳು ಶಿಯಾ ಪಂಥವನ್ನು ರಾಜ್ಯಧರ್ಮ ಮಾಡಿದ ಬೆನ್ನಿಗೇ ಇದು ನಡೆಯಿತು. ಅದೇ ಮನೆತನದ ಮೊದಲ ಇಬ್ರಾಹಿಂ ಅದನ್ನು ಕೈಬಿಟ್ಟ, 1558ರಲ್ಲಿ ಪಟ್ಟಕ್ಕೆ ಬಂದ ಮೊದಲ ಅಲಿ ಆದಿಲ್ ಷಾ ಮತ್ತೆ ತಂದ. ಮಹಾಪಂಡಿತ ಫತ್‌ಹುಲ್ಲಾ ಶೀರಾಜಿ ಅಕ್ಬರನ ಆಸ್ಥಾನಕ್ಕೆ ಹೋಗುವ ಮೊದಲು ಇದ್ದದ್ದು ಈ ಅಲಿಯ ಆಸ್ಥಾನದಲ್ಲಿ. 1638ರಲ್ಲಿ ವಿಜಯಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದಾಗ ಹೊಸಕೋಟೆ, ದೊಡ್ಡಬಳ್ಳಾಪುರ ಎಲ್ಲವೂ ವಿಜಯಪುರದ ಕೈಗೆ ಬಂದು ಶಹಾಜಿಯ ಜಹಗೀರಿಗೆ ಸೇರಿದವು. 1687ರ ನಂತರ ಮೊಗಲರ ಶಿರಾ ಸುಬಾದ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರವೂ ಹೊಸಕೋಟೆಯೂ ಇದ್ದವು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಸುನ್ನಿ. ಆದರೂ ತನ್ನ ಲಾಂಛನದಲ್ಲಿ, ಆಯುಧಗಳ ಮೇಲೆ ‘ದೇವರ ಸಿಂಹ’ ಎಂಬ ಅಲಿಯವರ ಬಿರುದನ್ನು ಹುಲಿಯ ಮುಖದ ಆಕಾರದಲ್ಲಿ ಬರೆಸಿದ.

1824ರಲ್ಲಿ ಶೀರಾಜಿನಿಂದ ಕುದುರೆಗಳ ಜೊತೆ ಬೆಂಗಳೂರಿಗೆ ಬಂದ ಹದಿಹರೆಯದ ಆಘಾ ಅಲಿ ಅಸ್ಕರ್ ಇಲ್ಲೇ ನೆಲೆಸಿದರು. ಅವರ ಹೆಸರಿನ ರಸ್ತೆ ಈಗಲೂ ಇದೆ. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಂ ಎನ್ನದೆ ಕೂಡಿ ಕುಣಿಯುವವರು ಹುಸೇನರ ಕಥೆಯನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲೇ ಹಾಡುತ್ತಾರೆ. ಕೂಫಾದ ಅಬೂ ಮಿಖ್ನಫ್ ಹುಡುಕಿ ಬರೆದ ಕಥೆ ಮುದಗಲ್ಲಿನ ರೈತನ ನಾಲಿಗೆಗೆ ಬಂದು ಸೇರಿದೆ.

ಅಲೀಪುರದವರು ಈ ದಾರಿಯನ್ನು ಇನ್ನೂ ಹಿಡಿದುಕೊಂಡಿದ್ದಾರೆ. ಊರಿನ ಯುವಕರು ಕುಮ್, ನಜಫ್‌ಗಳಲ್ಲಿ ಓದಿ ಬಂದು ಮಿಂಬರ್ ಏರುತ್ತಾರೆ. ಅವರ ಮನೆಗಳಲ್ಲಿ ಹರಳಿನ ಕಸುಬು ಮುಂದುವರಿದಿದೆ. ಅಂಗೈಯಲ್ಲಿ ಅಡಗುವ ಕಲ್ಲಿನ ವ್ಯಾಪಾರ ನಿಂತಿರುವುದು ಪೂರ್ತಿ ನಂಬಿಕೆಯ ಮೇಲೆ. ಒಮ್ಮೆ ಸುಳ್ಳು ಹೇಳಿದವನ ಕೈಗೆ ಮತ್ತೆ ಯಾರೂ ಕಲ್ಲು ಕೊಡುವುದಿಲ್ಲ. ಕಸುಬಿನ ಪ್ರಾಮಾಣಿಕತೆಯೂ ಮಾತಿನ ಪ್ರಾಮಾಣಿಕತೆಯೂ ಬೇರೆ ಬೇರೆಯಲ್ಲ ಎಂದು ಕೂಫಾದ ಪೇಟೆ ಕಲಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಈ ಊರಿಗಿಂತ ಯೋಗ್ಯ ಜಾಗ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ.

ಒಬ್ಬ ಅಜ್ಜನ ಪತ್ರ

ಕೂಫಾದ ಜುರಾರಾ ಬಿನ್ ಆಯನ್ ಅವರ ಮನೆತನದ ಮಾತನ್ನು ಕೊನೆಗೆ ಹೇಳಬೇಕು. ಜುರಾರಾ ಅವರ ತಂದೆ ಆಯನ್ ಬೈಜಾಂಟಿಯಮ್ ಮೂಲದ ಗುಲಾಮರಾಗಿದ್ದವರು. ಅವರ ಮಕ್ಕಳು ಜುರಾರಾ, ಹುಮ್ರಾನ್, ಬುಕೈರ್, ಅಬ್ದುಲ್ ಮಲಿಕ್ ಇಮಾಮರ ಶಿಷ್ಯರಾದರು. ಜುರಾರಾ ಅವರಂತೂ ಆ ಪೀಳಿಗೆಯಲ್ಲೇ ಅಗ್ರಗಣ್ಯರು. ಇಮಾಮ್ ಸಾದಿಕರು ಬಹಿರಂಗವಾಗಿ ಅವರನ್ನು ತೆಗಳಿದ ವರದಿಗಳೂ ಇವೆ. ಅದರ ಕಾರಣವನ್ನು ಇಮಾಮರೇ ಜುರಾರಾ ಅವರ ಮಗನ ಕೈಲಿ ಹೇಳಿ ಕಳಿಸಿದರೆಂದು ಕಶ್ಶಿ ದಾಖಲಿಸಿದ್ದಾರೆ. ನಮಗೆ ಹತ್ತಿರದವನೆಂದು ಗೊತ್ತಾದರೆ ಶತ್ರುಗಳು ಬಿಡುವುದಿಲ್ಲ, ಕುರ್‌ಆನಿನ ಖಿಜ್ರ್ ಒಳ್ಳೆಯ ದೋಣಿಯನ್ನು ರಾಜನ ಕಣ್ಣಿನಿಂದ ಉಳಿಸಲು ಊನಗೊಳಿಸಿದ ಹಾಗೆ ನಿನ್ನನ್ನು ಉಳಿಸಲು ಹಾಗೆ ಹೇಳಿದೆ ಎಂಬುದು ಆ ಮಾತಿನ ಸಾರ.

ಈ ಮನೆತನ ಎರಡು ಶತಮಾನಕ್ಕೂ ಹೆಚ್ಚು ಕಾಲ ಹದೀಸ್ ಕಾಯ್ದುಕೊಂಡು ಬಂತು. ಅದರ ಕೊನೆಯ ದೊಡ್ಡ ವಿದ್ವಾಂಸ ಅಬೂ ಗಾಲಿಬ್ ಜುರಾರಿ. ಅವರ ಮಗ ಈ ವಿದ್ಯೆಯ ದಾರಿ ಹಿಡಿಯಲಿಲ್ಲ. ತಮ್ಮೊಂದಿಗೇ ಎಲ್ಲ ಮುಗಿದುಹೋದೀತೆಂಬ ಅಳುಕಿನಿಂದ ವೃದ್ಧ ಅಬೂ ಗಾಲಿಬ್ ಹಿಜರಿ 356ರಲ್ಲಿ, ಅಂದರೆ 967ರಲ್ಲಿ, ಇನ್ನೂ ಪುಟ್ಟ ಮಗುವಾಗಿದ್ದ ಮೊಮ್ಮಗನಿಗೆ ಒಂದು ದೀರ್ಘ ಪತ್ರ ಬರೆದರು. ಮನೆತನದ ಹಿರಿಯರು ಯಾರು, ಯಾರು ಯಾರಿಂದ ಕಲಿತರು, ತನ್ನ ಬಳಿ ಯಾವ ಯಾವ ಪುಸ್ತಕಗಳಿವೆ, ಒಂದೊಂದೂ ಯಾರ ಮೂಲಕ ತನಗೆ ಬಂತು ಎಂದು ವಿವರವಾಗಿ ಬರೆದು, ಅವುಗಳನ್ನು ಮುಂದೆ ಹೇಳುವ ಅನುಮತಿಯನ್ನೂ ಆ ಮಗುವಿಗೆ ಕೊಟ್ಟರು. ಆ ಪತ್ರ ಉಳಿದುಬಂದಿದೆ. ಆಯನ್ ಮನೆತನದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅದರಿಂದಲೇ ಗೊತ್ತು.

ಅಲೀಪುರದಲ್ಲಿ, ಬೆಂಗಳೂರಿನಲ್ಲಿ, ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ, ಯಾವುದೇ ಧರ್ಮದ ಯಾವುದೇ ಮನೆಯಲ್ಲಿ ಇಂಥ ಹಿರಿಯರಿದ್ದಾರೆ. ಅಜ್ಜಿ ಕಲಿಸಿದ ನೌಹಾ ಎಂಬ ಶೋಕಗೀತೆ, ಅಜ್ಜ ಹೇಳಿದ ಊರಿನ ಕಥೆ, ಗುರುವಿನಿಂದ ಬಂದ ಕಸುಬಿನ ಗುಟ್ಟು ಅವರ ಬಳಿ ಇದೆ. ಅವರಲ್ಲಿ ನನ್ನದೊಂದು ಕೋರಿಕೆ. ಮೊಮ್ಮಕ್ಕಳು ದೊಡ್ಡವರಾಗಲಿ ಎಂದು ಕಾಯಬೇಡಿ, ಅವರಿಗೆ ಓದಲು ಬರುವ ಕನ್ನಡದಲ್ಲಿ ಈಗಲೇ ಬರೆದಿಡಿ. ಕುಮ್, ನಜಫ್‌ಗಳಲ್ಲಿ ಓದಿ ಬಂದ ಅಲೀಪುರದ ವಿದ್ವಾಂಸರು ಇಬ್ನ್ ಅಬೀ ಉಮೈರ್, ಸಫ್ವಾನ್, ಮುಹಮ್ಮದ್ ಬಿನ್ ಮುಸ್ಲಿಂ ಇವರ ಚರಿತ್ರೆಯನ್ನು ಕನ್ನಡದ ಎಲ್ಲ ಓದುಗರಿಗೂ ಸಿಗುವ ಹಾಗೆ ಬರೆದುಕೊಡಲಿ. ಬರೆಯುವಾಗ ಪ್ರತಿಯೊಂದು ಸಂಗತಿಯ ಪಕ್ಕದಲ್ಲೂ ಅದನ್ನು ಹೇಳಿದವರು ಯಾರೆಂದು ನಮೂದಿಸಿ. ಅವರ ಹೆಸರು ಉಳಿದರೆ ಮಾತಿನ ನಂಬಿಕೆಯೂ ಉಳಿಯುತ್ತದೆ.